ಪೆಟ್ಟಿಗೆಯ ಹಣ, ಪೇಟೆಯ ಬೆಲೆ

ನೂರು ರೂಪಾಯಿ ಇರುವ ಪೆಟ್ಟಿಗೆಯನ್ನು ಎಪ್ಪತ್ತು ರೂಪಾಯಿಗೆ ಮಾರುವವರು ಲೋಕದಲ್ಲಿ ಉಂಟೇ? ಉಂಟು ಎಂದರೆ ಕೇಳಿದವರು ನಕ್ಕಾರು. ಆದರೆ ಷೇರುಪೇಟೆಯೆಂಬ ಸಂತೆಯಲ್ಲಿ ಇಂಥ ವ್ಯಾಪಾರ ಆಗಾಗ ನಡೆಯುತ್ತದೆ. ಒಂದು ಕಂಪನಿಯ ಸಾಲಗಳನ್ನೆಲ್ಲ ತೀರಿಸಿದ ಮೇಲೆ ಅದರ ಬಳಿ ಉಳಿಯುವ ನಗದಿಗಿಂತಲೂ ಕಡಿಮೆ ಬೆಲೆಗೆ ಆ ಕಂಪನಿಯ ಷೇರುಗಳು ಮಾರಾಟವಾಗುವ ಕಾಲ ಬರುವುದುಂಟು. ಅಂಥ ಷೇರನ್ನು ಕೊಂಡು ತಾಳ್ಮೆಯಿಂದ ಕಾದು ಲಾಭ ಪಡೆದವರೂ ಇದ್ದಾರೆ. ಕೊಂಡು ಕೈಸುಟ್ಟುಕೊಂಡವರೂ ಇದ್ದಾರೆ.

ಈ ವಿಷಯವನ್ನು ಎತ್ತಿಕೊಳ್ಳಲು ಮಂಗಳೂರಿನ ನಮ್ಮ ಓದುಗ ಸಹೋದರಿಯೊಬ್ಬರ ಪತ್ರವೇ ಕಾರಣ. ಅವರ ಕುಟುಂಬ ಉದ್ಯೋಗ ನಿಮಿತ್ತ ಧಾರವಾಡದ ಕಡೆಯಿಂದ ಬಂದು ಅಲ್ಲಿ ನೆಲೆಸಿದೆ. ಯಜಮಾನರು ಈಚೆಗೆ ನಿವೃತ್ತರಾದರು. ಗ್ರಾಚ್ಯುಯಿಟಿ, ಭವಿಷ್ಯನಿಧಿಯ ಹಣ ಕೈಗೆ ಬಂದಿದೆ. "ಅವ್ವಾ, ಈ ಕಂಪನಿಯಲ್ಲಿ ಷೇರೊಂದಕ್ಕೆ ನೂರು ರೂಪಾಯಿ ನಗದೇ ಇದೆ, ಪೇಟೆಯಲ್ಲಿ ಎಪ್ಪತ್ತಕ್ಕೆ ಸಿಗುತ್ತದೆ, ಇದರಲ್ಲಿ ನಷ್ಟಕ್ಕೆ ಎಡೆಯೇ ಇಲ್ಲ" ಎಂಬುದು ಮಗನ ವಾದ. "ದುಡಿದ ಹಣವನ್ನು ಜೂಜಿಗೆ ಹಾಕಲಾರೆ" ಎಂಬುದು ತಂದೆಯ ನಿಲುವು. ಮಗಳ ಮದುವೆ ಇನ್ನೂ ಆಗಬೇಕಿದೆ. ತಂದೆ ಮಗನ ನಡುವೆ ಮಾತು ಕಡಿಮೆಯಾಗಿದೆಯೆಂದು ಆ ತಾಯಿ ನೊಂದು ಬರೆದಿದ್ದಾರೆ. ಯಾರ ಮಾತು ಸರಿ ಎಂದು ಕೇಳಿದ್ದಾರೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆಯೆಂದು ನಮಗೆ ತೋರುತ್ತದೆ. ಉಳಿದ ಅರ್ಧವನ್ನು ಇಲ್ಲಿ ವಿಚಾರಿಸೋಣ.

ಲೆಕ್ಕ ಹೇಗೆ?

ಮೊದಲು ಒಂದು ಕಲ್ಪಿತ ಉದಾಹರಣೆ. ಒಂದು ಕಂಪನಿಯು ಒಟ್ಟು 1 ಕೋಟಿ ಷೇರುಗಳನ್ನು ಹೊಂದಿದೆ. ಷೇರಿನ ಪೇಟೆ ಬೆಲೆ 70 ರೂಪಾಯಿ. ಅಂದರೆ ಇಡೀ ಕಂಪನಿಗೆ ಪೇಟೆ ಕಟ್ಟಿರುವ ಬೆಲೆ 70 ಕೋಟಿ ರೂಪಾಯಿ. ಕಂಪನಿಯ ವಾರ್ಷಿಕ ವರದಿಯಲ್ಲಿರುವ ಅಢಾವೆ ಪತ್ರಿಕೆಯನ್ನು, ಅಂದರೆ ಬ್ಯಾಲೆನ್ಸ್ ಶೀಟನ್ನು, ತೆರೆದು ನೋಡಿದರೆ ಕೈನಗದು, ಬ್ಯಾಂಕ್ ಠೇವಣಿ, ಬೇಕೆಂದಾಗ ಮಾರಬಹುದಾದ ಹೂಡಿಕೆಗಳು ಸೇರಿ 130 ಕೋಟಿ ಇದೆ. ಇಷ್ಟನ್ನು ನೋಡಿ ಪುಸ್ತಕ ಮುಚ್ಚಬಾರದು. ಎದುರು ಬದಿಯಲ್ಲಿ ಬ್ಯಾಂಕಿನ ಸಾಲ, ಸರಕು ಕೊಟ್ಟವರಿಗೆ ಕೊಡಬೇಕಾದ ಬಾಕಿ, ನೌಕರರಿಗೆ ಸಲ್ಲಬೇಕಾದದ್ದು, ತೆರಿಗೆ ಎಲ್ಲ ಸೇರಿ 30 ಕೋಟಿ ಹೊಣೆಯಿದೆ. ಕಳೆದರೆ ಉಳಿಯುವುದು 100 ಕೋಟಿ, ಷೇರೊಂದಕ್ಕೆ 100 ರೂಪಾಯಿ. ಕಂಪನಿಯ ಭೂಮಿ, ಕಟ್ಟಡ, ಯಂತ್ರ, ಹೆಸರು ಇವಾವುದಕ್ಕೂ ಬೆಲೆ ಕಟ್ಟದೆಯೇ 70 ರೂಪಾಯಿಗೆ 100 ರೂಪಾಯಿ ದೊರೆತಂತಾಯಿತು.

ಪಕ್ಕದ ಇನ್ನೊಂದು ಕಂಪನಿಯಲ್ಲಿಯೂ 130 ಕೋಟಿ ನಗದಿದೆ, ಆದರೆ ಹೊಣೆ 110 ಕೋಟಿ ಇದೆಯೆನ್ನೋಣ. ಅಲ್ಲಿ ಷೇರುದಾರನ ಪಾಲಿಗೆ ಉಳಿಯುವುದು 20 ರೂಪಾಯಿ ಮಾತ್ರ. "ನಗದು 130, ಬೆಲೆ 70" ಎಂದು ಎರಡೂ ಕಂಪನಿಗಳ ಬಗ್ಗೆ ಒಂದೇ ಮಾತು ಹೇಳಬಹುದು. ಆದರೆ ಒಂದು ಲಾಭದ ವ್ಯಾಪಾರ, ಇನ್ನೊಂದು ಗುಂಡಿ. ದೂರವಾಣಿಯಲ್ಲಿ, ಮೊಬೈಲ್ ಸಂದೇಶಗಳಲ್ಲಿ ಬರುವ ಸಲಹೆಗಳು ಸಾಮಾನ್ಯವಾಗಿ ಮೊದಲ ಅಂಕಿಯನ್ನು ಮಾತ್ರ ಹೇಳಿ ಎರಡನೆಯದನ್ನು ನುಂಗಿಬಿಡುತ್ತವೆ.

ಈ ವಿದ್ಯೆಯ ಮೂಲ

ಈ ಮಾರ್ಗವನ್ನು ಶಾಸ್ತ್ರವಾಗಿ ರೂಪಿಸಿದವರು ಅಮೆರಿಕದ ಬೆಂಜಮಿನ್ ಗ್ರಹಾಂ. 1929ರ ಷೇರುಪೇಟೆಯ ಕುಸಿತದ ನಂತರ, 1932ರಲ್ಲಿ, ಅವರು ಫೋರ್ಬ್ಸ್ ಪತ್ರಿಕೆಯಲ್ಲಿ ಒಂದು ಲೇಖನಮಾಲೆ ಬರೆದರು. ನ್ಯೂಯಾರ್ಕ್ ಪೇಟೆಯ ಸುಮಾರು 600 ಕೈಗಾರಿಕಾ ಕಂಪನಿಗಳನ್ನು ಪರಿಶೀಲಿಸಿದಾಗ, 200ಕ್ಕೂ ಹೆಚ್ಚಿನವು ತಮ್ಮ ನಿವ್ವಳ ಚಾಲ್ತಿ ಆಸ್ತಿಗಿಂತ ಕಡಿಮೆ ಬೆಲೆಗೆ, 50ಕ್ಕೂ ಹೆಚ್ಚಿನವು ಕೇವಲ ತಮ್ಮ ನಗದು ಮತ್ತು ಮಾರಬಲ್ಲ ಪತ್ರಗಳ ಬೆಲೆಗಿಂತ ಕಡಿಮೆಗೆ ಮಾರಾಟವಾಗಿದ್ದವೆಂದು ತೋರಿಸಿದರು. ಭಯ ಎಲ್ಲರನ್ನೂ ಆವರಿಸಿದಾಗ ಜನ ಲೆಕ್ಕ ನೋಡುವುದನ್ನೇ ಬಿಡುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದಕ್ಕೂ ಮುನ್ನ, 1926ರಲ್ಲಿ, ಗ್ರಹಾಂ ಅವರು ನಾರ್ದರ್ನ್ ಪೈಪ್‌ಲೈನ್ ಎಂಬ ಕಂಪನಿಯ ಲೆಕ್ಕವನ್ನು ಸರ್ಕಾರಿ ಕಡತಗಳಲ್ಲಿ ಹುಡುಕಿ ತೆಗೆದಿದ್ದರು. ಎಣ್ಣೆ ಸಾಗಿಸುವ ಆ ಕಂಪನಿಯ ಷೇರಿನ ಬೆಲೆ 65 ಡಾಲರ್. ಆದರೆ ಅದು ಇಟ್ಟುಕೊಂಡಿದ್ದ ರೈಲ್ವೆ ಬಾಂಡುಗಳ ಮೌಲ್ಯವೇ ಷೇರೊಂದಕ್ಕೆ ಸುಮಾರು 95 ಡಾಲರ್! ಷೇರು ಕೊಂಡು ಅವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ವ್ಯವಹಾರಕ್ಕೆ ಬೇಕಿಲ್ಲದ ಹಣವನ್ನು ಷೇರುದಾರರಿಗೆ ಹಂಚಿರೆಂದು ಆಡಳಿತವನ್ನು ಕೇಳಿದರು. ಮೊದಲ ವಾರ್ಷಿಕ ಸಭೆಯಲ್ಲಿ ಅವರ ಸೂಚನೆಯನ್ನು ಅನುಮೋದಿಸಲು ಒಬ್ಬರೂ ಇರಲಿಲ್ಲ. ಮರುವರ್ಷ ಬೇರೆ ಷೇರುದಾರರ ಮತಗಳನ್ನು ಕೂಡಿಸಿಕೊಂಡು ಹೋಗಿ ನಿರ್ದೇಶಕ ಸ್ಥಾನ ಪಡೆದರು. 1928ರಲ್ಲಿ ಕಂಪನಿ ಷೇರೊಂದಕ್ಕೆ 70 ಡಾಲರ್ ಹಂಚಿತು. ಪೆಟ್ಟಿಗೆಯಲ್ಲಿ ಹಣವಿದ್ದರೆ ಸಾಲದು, ಪೆಟ್ಟಿಗೆಯ ಬೀಗ ತೆರೆಯಬೇಕು ಎಂಬುದೇ ಈ ಕಥೆಯ ತಿರುಳು.

ಪಣಂಬೂರಿನ ಪಾಠ

ಪೈಪ್‌ಲೈನಿನ ಮಾತು ಬಂದಾಗ ಮಂಗಳೂರಿನವರಿಗೆ ತಮ್ಮದೇ ಒಂದು ಕೊಳವೆಮಾರ್ಗ ನೆನಪಾಗದಿರದು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ, ಘಟ್ಟದ ಮೇಲಿನ ಅದಿರನ್ನು ನೀರಿನೊಂದಿಗೆ ಬೆರೆಸಿ, ಕೊಳವೆಯ ಮೂಲಕ ಪಣಂಬೂರಿಗೆ ಇಳಿಸುತ್ತಿತ್ತು. 1987ರಲ್ಲಿ ಅಲ್ಲಿ ಅದಿರಿನ ಉಂಡೆ ತಯಾರಿಸುವ ಕಾರ್ಖಾನೆಯೂ ಆರಂಭವಾಯಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಂತಿತು. ಗಣಿ ನಿಂತರೂ ಹಿಂದಿನ ವರ್ಷಗಳ ಉಳಿತಾಯ ಬ್ಯಾಂಕಿನಲ್ಲಿತ್ತು. ಆ ಠೇವಣಿಗಳ ಬಡ್ಡಿ ಕಂಪನಿಗೆ ಅನೇಕ ವರ್ಷ ದೊಡ್ಡ ಆಸರೆಯಾಯಿತು. ಹೊರಗಿನಿಂದ ಅದಿರು ತರಿಸಿ ಕಾರ್ಖಾನೆ ನಡೆಸುವ ಪ್ರಯತ್ನ, ಸಂಡೂರಿನ ದೇವದಾರಿಯಲ್ಲಿ ಹೊಸ ಗಣಿ ಪಡೆಯುವ ಪ್ರಯತ್ನ ನಡೆದವು. 2022–23ರಿಂದ ಮುಂದಿನ ವರ್ಷಗಳಲ್ಲಿ ಕಂಪನಿ ನಷ್ಟ ತೋರಿಸಿತು.

ಈ ಕಂಪನಿಯ ಷೇರು ನಗದಿಗಿಂತ ಅಗ್ಗವಾಗಿತ್ತೆಂದು ನಾವು ಹೇಳುತ್ತಿಲ್ಲ. ಅದರ ಕಥೆಯಿಂದ ಎರಡು ಪಾಠ ಮಾತ್ರ ತೆಗೆದುಕೊಳ್ಳುತ್ತೇವೆ. ಮೊದಲನೆಯದು, ನಗದು ಸ್ಥಾವರವಲ್ಲ. ಆದಾಯದ ಮೂಲ ಬತ್ತಿದರೆ ಅದು ಕರಗುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂದು ಹಿರಿಯರು ಹೇಳಿದ್ದು ಮನೆಗೆ ಹೇಗೋ ಕಂಪನಿಗೂ ಹಾಗೆಯೇ ಅನ್ವಯಿಸುತ್ತದೆ. ನಮ್ಮ ಕಲ್ಪಿತ ಕಂಪನಿ ವರ್ಷಕ್ಕೆ 15 ಕೋಟಿ ಕಳೆದುಕೊಳ್ಳುತ್ತಿದ್ದರೆ, ಎರಡೇ ವರ್ಷದಲ್ಲಿ ಅದರ ನೂರು ಕೋಟಿ ಎಪ್ಪತ್ತಾಗುತ್ತದೆ. ಕೊಂಡವನ ಲಾಭ ಅಲ್ಲಿಗೆ ಮುಗಿಯಿತು. ಎರಡನೆಯದು, ಕುದುರೆಮುಖ ಕಂಪನಿಯ ಶೇಕಡಾ 99ರಷ್ಟು ಷೇರು ಬಹುಕಾಲ ಕೇಂದ್ರ ಸರ್ಕಾರದ ಕೈಯಲ್ಲಿದ್ದಿತು. ಗ್ರಹಾಂ ಮಾಡಿದಂತೆ ಸಣ್ಣ ಷೇರುದಾರರು ಮತ ಕೂಡಿಸಿ ಬೀಗ ತೆಗೆಸುವ ಮಾತು ಅಲ್ಲಿ ಸಾಧ್ಯವಿರಲಿಲ್ಲ. ನಮ್ಮ ಕಂಪನಿ ಕಾನೂನಿನಂತೆ ಹತ್ತನೆಯ ಒಂದು ಭಾಗದ ಮತವುಳ್ಳ ಷೇರುದಾರರು ವಿಶೇಷ ಸಭೆ ಕರೆಯುವಂತೆ ಕೇಳಬಹುದು. ಆದರೆ ಮುಕ್ಕಾಲು ಪಾಲು ಪ್ರವರ್ತಕರ ಬಳಿಯೇ ಇರುವ ಕಂಪನಿಯಲ್ಲಿ ಸಭೆ ಕರೆದೂ ಫಲವಿಲ್ಲ. ಆದ್ದರಿಂದ ಬೀಗದ ಕೈ ಯಾರಲ್ಲಿದೆ, ಅವರು ಹಿಂದೆ ಲಾಭಾಂಶ ಕೊಟ್ಟಿದ್ದಾರೆಯೇ, ಷೇರುಗಳನ್ನು ಮರಳಿ ಕೊಂಡಿದ್ದಾರೆಯೇ ಎಂಬುದನ್ನು ನೋಡಲೇಬೇಕು.

ಇಲ್ಲದ ಹಣ

ಮೂರನೆಯ ಪ್ರಶ್ನೆ ಇನ್ನೂ ಕಠಿಣ: ಆ ಹಣ ನಿಜವಾಗಿ ಇದೆಯೇ? ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ 2008ರ ಸೆಪ್ಟೆಂಬರ್ ಅಂತ್ಯದ ಲೆಕ್ಕದಲ್ಲಿ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಠೇವಣಿ ತೋರಿಸಿತ್ತು. 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷರು ಬರೆದ ಪತ್ರದಿಂದ, ಅದರಲ್ಲಿ 5,040 ಕೋಟಿ ಬರಿಯ ಕಾಗದದ ಮೇಲಿನ ಹಣವೆಂದು ಲೋಕಕ್ಕೆ ತಿಳಿಯಿತು. ಬರಬೇಕಾದ ಬಡ್ಡಿಯೆಂದು ತೋರಿಸಿದ್ದ 376 ಕೋಟಿಯೂ ಸುಳ್ಳಾಗಿತ್ತು. ಹಿಂದಿನ ದಿನ 179 ರೂಪಾಯಿ ಇದ್ದ ಷೇರು ಅಂದು ಸಂಜೆಗೆ 40 ರೂಪಾಯಿಗೆ ಇಳಿಯಿತು. ಲೆಕ್ಕ ಪರಿಶೋಧಕರ ಸಹಿ ಇತ್ತು, ಪ್ರಶಸ್ತಿಗಳಿದ್ದವು, ಹೆಸರಾಂತ ನಿರ್ದೇಶಕರಿದ್ದರು. ಹಣ ಮಾತ್ರ ಇರಲಿಲ್ಲ.

ಸಾಮಾನ್ಯ ಗೃಹಸ್ಥನು ಇದನ್ನು ಪತ್ತೆ ಹಚ್ಚುವುದು ಸುಲಭವಲ್ಲ. ಆದರೂ ಕೆಲವು ಪರೀಕ್ಷೆಗಳು ನಮ್ಮ ಕೈಯಲ್ಲಿವೆ. ಕಂಪನಿ ತೋರಿಸುವ ಠೇವಣಿಗೆ ತಕ್ಕ ಬಡ್ಡಿ ಆದಾಯದಲ್ಲಿ ಕಾಣುತ್ತದೆಯೇ? ನೂರು ಕೋಟಿ ಠೇವಣಿಯಿದೆಯೆನ್ನುವವರಿಗೆ ವರ್ಷಕ್ಕೆ ಒಂದೋ ಎರಡೋ ಕೋಟಿ ಬಡ್ಡಿ ಮಾತ್ರ ಬಂದಿದ್ದರೆ ಅನುಮಾನ ಪಡಬೇಕು. ರಾಶಿ ಹಣವಿದೆಯೆಂದು ಹೇಳುತ್ತಲೇ ಹೆಚ್ಚು ಬಡ್ಡಿಗೆ ಸಾಲ ತೆಗೆಯುತ್ತಿದ್ದರೆ ಇನ್ನೂ ಹೆಚ್ಚು ಅನುಮಾನ ಪಡಬೇಕು. ಷೇರುದಾರರ ಖಾತೆಗೆ ವರ್ಷವರ್ಷವೂ ಬಂದು ಬೀಳುವ ಲಾಭಾಂಶವೇ ಹಣವಿದೆಯೆಂಬುದಕ್ಕೆ ಒಳ್ಳೆಯ ಸಾಕ್ಷಿ. ಪ್ರವರ್ತಕರ ಬಂಧುಗಳ ಸಂಸ್ಥೆಗಳಿಗೆ ಕೊಟ್ಟ ಸಾಲವನ್ನು ನಗದೆಂದು ಎಣಿಸಬಾರದು. ಲೆಕ್ಕ ಪರಿಶೋಧಕರು ಅವಧಿಗೆ ಮುನ್ನವೇ ರಾಜೀನಾಮೆ ಕೊಟ್ಟ ಕಂಪನಿಯ ಬಾಗಿಲಿಗೆ ಹೋಗದಿರುವುದೇ ಲೇಸು.

ಕಾದವರಿಗೆ ಸಿಕ್ಕಿದ್ದು

ಇಷ್ಟೆಲ್ಲ ಹೇಳಿ ಓದುಗರನ್ನು ಹೆದರಿಸುವುದು ನಮ್ಮ ಉದ್ದೇಶವಲ್ಲ. ಕಾದವರಿಗೆ ಫಲ ದೊರೆತ ನಿದರ್ಶನವೂ ನಮ್ಮ ದೇಶದಲ್ಲಿದೆ. ಮುಂಬಯಿಯ ಪಿರಾಮಲ್ ಹೆಲ್ತ್‌ಕೇರ್ ಕಂಪನಿ 2010ರಲ್ಲಿ ತನ್ನ ದೇಶೀಯ ಔಷಧ ವ್ಯವಹಾರವನ್ನು ಅಮೆರಿಕದ ಅಬಾಟ್ ಕಂಪನಿಗೆ 372 ಕೋಟಿ ಡಾಲರಿಗೆ ಮಾರಿತು. ಅದರಲ್ಲಿ 212 ಕೋಟಿ ಡಾಲರ್ ಆಗಲೇ ಬರುವುದೆಂದೂ, ಉಳಿದದ್ದು ವರ್ಷಕ್ಕೆ 40 ಕೋಟಿಯಂತೆ ನಾಲ್ಕು ಕಂತುಗಳಲ್ಲಿ ಬರುವುದೆಂದೂ ಒಪ್ಪಂದವಾಯಿತು. ಕಂಪನಿ ತನ್ನ ಷೇರುಗಳಲ್ಲಿ ಐದನೆಯ ಒಂದು ಭಾಗವನ್ನು 600 ರೂಪಾಯಿಯಂತೆ ಮರಳಿ ಕೊಂಡಿತು. ಆದರೂ 2011ರಲ್ಲಿ ಷೇರಿನ ಬೆಲೆ 500 ರೂಪಾಯಿಗಿಂತ ಕೆಳಗೆ ಇಳಿಯಿತು. ತೆರಿಗೆ, ಸಾಲ ಎಲ್ಲ ಕಳೆದ ಮೇಲೂ ಕಂಪನಿಯ ಕೈಯಲ್ಲಿದ್ದ ಹಣ ಮತ್ತು ಬರಬೇಕಿದ್ದ ಕಂತುಗಳ ಮೊತ್ತಕ್ಕಿಂತ ಪೇಟೆ ಕಟ್ಟಿದ ಬೆಲೆ ಕಡಿಮೆಯಿತ್ತು.

ಏಕೆ? ಇಷ್ಟು ಹಣವನ್ನು ಯಜಮಾನರು ಎಲ್ಲಿ ಸುರಿದಾರೋ ಎಂಬ ಭಯ. ಭಯಕ್ಕೆ ಕಾರಣವೂ ಇತ್ತು: ಔಷಧ ಕಂಪನಿಯೊಂದು ಸುಮಾರು 5,900 ಕೋಟಿ ಕೊಟ್ಟು ವೊಡಾಫೋನಿನ ಭಾರತೀಯ ಕಂಪನಿಯಲ್ಲಿ ಪಾಲು ಕೊಂಡಿತು. ಆದರೆ 2014ರಲ್ಲಿ ಆ ಪಾಲನ್ನು ಸುಮಾರು 8,900 ಕೋಟಿಗೆ ಮಾರಿತು. 2017ರ ಹೊತ್ತಿಗೆ ಷೇರಿನ ಬೆಲೆ 2,000 ರೂಪಾಯಿ ದಾಟಿತ್ತು. ಕಾದವರು ಐದಾರು ವರ್ಷ ಕಾದಿದ್ದರು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಷ್ಟರೊಳಗೆ ಕಂಪನಿ ಸಾಲ ಕೊಡುವ ವ್ಯವಹಾರಕ್ಕೆ ಇಳಿದಿತ್ತು. 2018ರ ಹಣಕಾಸು ಬಿಕ್ಕಟ್ಟಿನ ಬಳಿಕ ಇಳಿದ ಬೆಲೆ 2020ರ ಮಾರ್ಚಿನಲ್ಲಿ 1,000 ರೂಪಾಯಿಗಿಂತಲೂ ಕೆಳಗಾಯಿತು. ನಗದಿಗಿಂತ ಅಗ್ಗವೆಂದು ಕೊಂಡವನು, ಆ ಅಗ್ಗ ಮುಗಿದ ದಿನ ಮತ್ತೆ ಹೊಸದಾಗಿ ಲೆಕ್ಕ ಹಾಕಬೇಕು. ಕೊಂಡ ಕಾರಣ ತೀರಿದ ಮೇಲೂ ಹಿಡಿದುಕೊಂಡಿರುವುದು ತಾಳ್ಮೆಯಲ್ಲ, ಮೋಹ.

ಬ್ಯಾಂಕಿನ ಷೇರಿಗೆ ಈ ಅಳತೆ ಸಲ್ಲದು

ಮಂಗಳೂರಿನ ಓದುಗರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಎಂಬ ಐದು ಬ್ಯಾಂಕುಗಳು ಹುಟ್ಟಿದ ಕರಾವಳಿ ಅದು. 2019 ಮತ್ತು 2020ರ ವಿಲೀನಗಳಲ್ಲಿ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಹೆಸರುಗಳು ಮರೆಯಾದವು. ಮಂಗಳೂರಿಗೆ ತನ್ನದೇ ಒಂದು ಷೇರು ವಿನಿಮಯ ಕೇಂದ್ರವೂ ಇತ್ತು. ಅದು ಇಂದು ಇಲ್ಲ. ಆದರೆ ಆ ಊರಿನ ಅನೇಕ ಮನೆಗಳಲ್ಲಿ ಬ್ಯಾಂಕಿನ ಷೇರು ಕೊಂಡಿಡುವ ರೂಢಿ ಉಳಿದಿದೆ.

ಬ್ಯಾಂಕಿನ ತಿಜೋರಿಯಲ್ಲಿರುವ ಹಣ ಠೇವಣಿದಾರರದು, ಷೇರುದಾರರದಲ್ಲ. ಆದಕಾರಣ ಬ್ಯಾಂಕಿಗೆ "ನಗದಿಗಿಂತ ಅಗ್ಗ" ಎಂಬ ಮಾತೇ ಅರ್ಥಹೀನ. ಅಲ್ಲಿ ನೋಡಬೇಕಾದದ್ದು ಪುಸ್ತಕ ಮೌಲ್ಯ, ಅಂದರೆ ಆಸ್ತಿಯಲ್ಲಿ ಹೊಣೆ ಕಳೆದು ಉಳಿಯುವ ಮೊತ್ತ. ಅದೂ ಕೊಟ್ಟ ಸಾಲಗಳು ಮರಳಿ ಬರುವುವೆಂಬ ನಂಬಿಕೆಯ ಮೇಲೆ ನಿಂತ ಅಂಕಿ. 2020ರ ಮಾರ್ಚಿನ ಕೊರೊನಾ ಕುಸಿತದಲ್ಲಿ ಕರ್ಣಾಟಕ ಬ್ಯಾಂಕಿನ ಷೇರು 50 ರೂಪಾಯಿಗಿಂತ ಕೆಳಗೆ ಹೋಯಿತು; ಆಗ ಅದರ ಪುಸ್ತಕ ಮೌಲ್ಯ 150 ರೂಪಾಯಿಗೂ ಮೇಲಿತ್ತು. 2023ರ ಕೊನೆಗೆ ಬೆಲೆ 200 ರೂಪಾಯಿ ದಾಟಿತು. ಅದೇ 2020ರ ನವೆಂಬರಿನಲ್ಲಿ ಲಕ್ಷ್ಮೀ ವಿಲಾಸ ಬ್ಯಾಂಕನ್ನು ಡಿಬಿಎಸ್ ಬ್ಯಾಂಕಿನಲ್ಲಿ ವಿಲೀನಗೊಳಿಸಿದಾಗ ಹಳೆಯ ಷೇರುದಾರರ ಬಂಡವಾಳ ಪೂರ್ತಿ ರದ್ದಾಯಿತು. ಅವರಿಗೆ ಒಂದು ರೂಪಾಯಿಯೂ ಸಿಗಲಿಲ್ಲ. ಎರಡೂ ಷೇರುಗಳನ್ನು ಜನ "ಅಗ್ಗ" ಎಂದೇ ಕರೆದಿದ್ದರು.

ತಾಳ್ಮೆಯ ಬೆಲೆ

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ತಾಳ್ಮೆಗೂ ಒಂದು ಬೆಲೆಯುಂಟು. 70 ರೂಪಾಯಿಗೆ ಕೊಂಡ ಷೇರು 100 ರೂಪಾಯಿ ಆಗಲು ಮೂರು ವರ್ಷ ಹಿಡಿದರೆ ವರ್ಷಕ್ಕೆ ಸುಮಾರು ಶೇಕಡಾ 12.6ರ ಗಳಿಕೆ. ಐದು ವರ್ಷ ಹಿಡಿದರೆ 7.4. ಏಳು ವರ್ಷ ಹಿಡಿದರೆ 5.2 ಮಾತ್ರ, ನಿಶ್ಚಿಂತೆಯಿಂದ ಇಡುವ ಬ್ಯಾಂಕ್ ಠೇವಣಿಯೇ ಅದಕ್ಕಿಂತ ಮೇಲಾದೀತು. ಎಷ್ಟು ವರ್ಷ ಹಿಡಿಯುವುದೆಂದು ಕೊಳ್ಳುವಾಗ ಯಾರಿಗೂ ತಿಳಿಯದು. ಇಂಥ ಷೇರುಗಳು ಹೆಚ್ಚಾಗಿ ಸಣ್ಣ ಕಂಪನಿಗಳವು. ಮಾರಬೇಕೆಂದ ದಿನ ಕೊಳ್ಳುವವರೇ ಇಲ್ಲದಿರಬಹುದು. ಗ್ರಹಾಂ ಅವರು ಇಂಥ ಷೇರುಗಳನ್ನು ಒಂದೆರಡಲ್ಲ, ಅನೇಕವನ್ನು ಸ್ವಲ್ಪ ಸ್ವಲ್ಪವಾಗಿ ಕೊಳ್ಳಬೇಕೆಂದು ಹೇಳುತ್ತಿದ್ದುದು ಇದಕ್ಕಾಗಿಯೇ. ಅವರ ಶಿಷ್ಯ ವಾರನ್ ಬಫೆಟ್ ಮೊದಲು ಇದೇ ಮಾರ್ಗದಲ್ಲಿ ನಡೆದು, ಇಂಥ ಷೇರನ್ನು ಬೀದಿಯಲ್ಲಿ ಬಿದ್ದ ಚುಟ್ಟಾದ ತುಂಡಿಗೆ ಹೋಲಿಸಿ, ಕಾಲಾನಂತರ ಒಳ್ಳೆಯ ವ್ಯವಹಾರವುಳ್ಳ ಕಂಪನಿಗಳ ಕಡೆಗೆ ತಿರುಗಿದರು.

ಸಹೋದರಿಗೆ ನಮ್ಮ ಉತ್ತರ

ಈಗ ಮಂಗಳೂರಿನ ಸಹೋದರಿಯ ಪ್ರಶ್ನೆಗೆ ಬರೋಣ. ಅಗ್ಗದ ಲೆಕ್ಕವನ್ನು ಕಂಡುಕೊಂಡ ಮಗನು ದಡ್ಡನಲ್ಲ. ಅವನು ಹೇಳುತ್ತಿರುವುದು ಜೂಜೂ ಅಲ್ಲ. ಆದರೆ "ನಷ್ಟಕ್ಕೆ ಎಡೆಯೇ ಇಲ್ಲ" ಎಂಬ ಅವನ ಮಾತು ತಪ್ಪು. ನಿವೃತ್ತಿಯ ಹಣ ಇದಕ್ಕೆ ತಕ್ಕ ಹಣವಲ್ಲ. ಒಂದು ಆಯುಷ್ಯದ ಕಾಯಕದ ಫಲ ಅದು. ಕಳೆದರೆ ಮತ್ತೆ ಗಳಿಸಲು ಯಜಮಾನರಿಗೆ ಮುಂದೆ ಸಂಬಳದ ವರ್ಷಗಳಿಲ್ಲ. ಮಗಳ ಮದುವೆಗೆ ತಾರೀಖು ಗೊತ್ತಾದೀತು, ಷೇರಿನ ಬೆಲೆ ಏರುವುದಕ್ಕೆ ತಾರೀಖಿಲ್ಲ. ಆ ಹಣದಲ್ಲಿ ಮೊದಲು ಮದುವೆಗೆ ಬೇಕಾದದ್ದನ್ನೂ ಕಾಯಿಲೆ ಕಸಾಲೆಗೆ ಬೇಕಾದದ್ದನ್ನೂ ಬೇರೆಯಾಗಿ ತೆಗೆದಿಡಿ. ಉಳಿದದ್ದಕ್ಕೆ ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯಂಥ ನಿಶ್ಚಿತ ಮಾರ್ಗವಿದೆ. 2023ರಿಂದ ಅದರ ಮಿತಿಯನ್ನು 30 ಲಕ್ಷಕ್ಕೆ ಏರಿಸಲಾಗಿದೆ. ಬ್ಯಾಂಕ್ ಠೇವಣಿಗೆ 2020ರಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯುಂಟು. ಹೆಚ್ಚಿನ ಹಣವಿದ್ದರೆ ಎರಡು ಮೂರು ಬ್ಯಾಂಕುಗಳಲ್ಲಿ ಹಂಚಿಡಿ.

ಮಗನಿಗೆ ಈ ವಿದ್ಯೆಯಲ್ಲಿ ನಂಬಿಕೆಯಿದ್ದರೆ ತನ್ನ ಸಂಬಳದ ಉಳಿತಾಯದಲ್ಲಿ, ಐದಾರು ವರ್ಷ ಕೈ ಹಾಕಬೇಕಾಗಿಲ್ಲದ ಒಂದು ಸಣ್ಣ ಪಾಲಿನಿಂದ ಆರಂಭಿಸಲಿ. ಸಾಲ ಮಾಡಿ ಕೊಳ್ಳದಿರಲಿ, ಮನೆಯ ಚಿನ್ನವನ್ನು ಮುಟ್ಟದಿರಲಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಷೇರಿಗೂ ನಾಲ್ಕು ಸಾಲು ಬರೆಯಲಿ: ನಿವ್ವಳ ನಗದು ಎಷ್ಟು, ಅದು ನಿಜವೆಂಬುದಕ್ಕೆ ಸಾಕ್ಷಿಯೇನು, ವರ್ಷದಿಂದ ವರ್ಷಕ್ಕೆ ಅದು ಬೆಳೆಯುತ್ತಿದೆಯೋ ಕರಗುತ್ತಿದೆಯೋ, ಬೀಗದ ಕೈ ಯಾರಲ್ಲಿದೆ. ವರ್ಷಕ್ಕೊಮ್ಮೆ ವಾರ್ಷಿಕ ವರದಿ ಬಂದಾಗ ಆ ಸಾಲುಗಳನ್ನು ತಿದ್ದಲಿ. ದಿನವೂ ಬೆಲೆ ನೋಡಿ ಉಸಿರು ಬಿಗಿಹಿಡಿಯುವ ಅಗತ್ಯವಿಲ್ಲ. ಡಿಮ್ಯಾಟ್ ಖಾತೆಗೆ ನಾಮನಿರ್ದೇಶನ ಮಾಡಿ, ಆ ಪುಸ್ತಕ ಎಲ್ಲಿದೆಯೆಂದು ತಾಯಿ ತಂದೆಗೆ ತಿಳಿಸಲಿ. ನಿವೃತ್ತರಾದ ತಂದೆಗೆ ಲೆಕ್ಕ ನೋಡುವ ಬಿಡುವಿದೆ. ಮಗನು ಅವರನ್ನೇ ತನ್ನ ಪರಿಶೋಧಕರನ್ನಾಗಿ ಮಾಡಿಕೊಂಡರೆ ಷೇರಿನ ಬೆಲೆ ಏರುವ ಮುನ್ನವೇ ಮನೆಯಲ್ಲಿ ನಿಂತ ಮಾತು ಮತ್ತೆ ಆರಂಭವಾದೀತು.

ನಾವು ಇಲ್ಲಿ ಯಾವ ಷೇರನ್ನೂ ಕೊಳ್ಳಿರೆಂದಾಗಲಿ ಮಾರಿರೆಂದಾಗಲಿ ಹೇಳಿಲ್ಲ; ಹೇಳಿದ ಹೆಸರುಗಳೆಲ್ಲ ಪಾಠಕ್ಕಾಗಿ ಮಾತ್ರ. ಅಗ್ಗವೆಂದು ಕಂಡದ್ದನ್ನೆಲ್ಲ ತರುವವನು ಒಳ್ಳೆಯ ಗೃಹಸ್ಥನಲ್ಲ. ಅಗ್ಗವೇಕೆಂದು ವಿಚಾರಿಸಿ, ಉತ್ತರ ಸಿಕ್ಕ ಮೇಲೆ ತನ್ನ ಶಕ್ತಿಯಷ್ಟೇ ಕೊಂಡು, ಮನೆಯ ಅಗತ್ಯಕ್ಕೆ ಕೊರತೆ ಬಾರದಂತೆ ಕಾಯಬಲ್ಲವನ ಕೈಯಲ್ಲಿ ಮಾತ್ರ ತಾಳ್ಮೆ ಫಲ ಕೊಡುತ್ತದೆ.